ಸಕ್ಕರೆ ಬಾಯಿಗೆ ಬೀಳುವವರೆಗೆ

"ಈ ಹೋರಿಗೆ ಮದಲ ಮೂಗದಾರ ಹಾಕ್ರಿ, ಆಮ್ಯಾಲೆ ನನ್ನ ಮಗಳನ್ನ ಕೇಳಾಕ ಬರ್ರಿ. ನಾ ಹೆಣ್ಣ ಕೊಡೂದು ಮನಶ್ಯಾಗ, ದನಕ್ಕಲ್ಲ!"

ನಾಗನೂರಿನ ಮುರಿಗೆಪ್ಪ ಈ ಮಾತು ಆಡಿದ್ದು ತನ್ನ ಹೊಸ ಮನೆಯ ವಾಸ್ತುಶಾಂತಿಯ ದಿನ, ಊರ ಹಿರಿಯರೂ ನೆಂಟರೂ ಸಾಲಾಗಿ ಊಟಕ್ಕೆ ಕೂತಿರುವಾಗ. ಆಡಿದ್ದು ಮತ್ತಾರಿಗೋ ಅಲ್ಲ, ಒಡಹುಟ್ಟಿದ ಅಕ್ಕನ ಮಗ ಗುಡ್ಡಪ್ಪನಿಗೆ. ಮುರಿಗೆಪ್ಪನ ಮಗಳು ಕಾಜಲ್ ತೊಟ್ಟಿಲಲ್ಲಿ ಇದ್ದಾಗಲೇ ಇವಳು ಗುಡ್ಡಪ್ಪನಿಗೆ ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು.

ಆದದ್ದಿಷ್ಟು. ಮುರಿಗೆಪ್ಪನ ಮಗ ಸ್ವಪ್ನಿಲ್ ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತ ಬಂದ. ಗುಡ್ಡಪ್ಪನ ಮುಂದೆ ನಿಂತವನು ಸಾಲಿಗೆಲ್ಲ ಕೇಳುವಂತೆ, "ಒಂಬತ್ತನೇತ್ತಿಗೆ ಸಾಲಿ ಬಿಟ್ಟಾವಾ ನೀ. ಹೋಳಿಗಿ ಎಣಸಾಕರ ಬರತೈತೇನೋ, ನಾನ ಎಣಿಸಿ ಹಾಕ್ಲೋ?" ಎಂದ. ಸಾಲಿಗೆ ಸಾಲೇ ನಕ್ಕಿತು. ಗುಡ್ಡಪ್ಪನ ಕೈಗೆ ಸಿಕ್ಕಿದ್ದು ತಾಟು. ಅದು ಸ್ವಪ್ನಿಲನ ಕಿವಿಯ ಪಕ್ಕದಿಂದ ಹಾರಿ ಹೊಸ ಬಣ್ಣದ ಗೋಡೆಗೆ ಬಡಿಯಿತು. ಕಟ್ಟಿನ ಸಾರು ಗೋಡೆಯುದ್ದಕ್ಕೂ ಇಳಿಯಿತು. ನಕ್ಕವರೆಲ್ಲ ಆ ಕ್ಷಣದಿಂದ ಸಜ್ಜನರಾಗಿ, "ಏ, ಎಂಥಾ ಹುಡುಗಪಾ ಇಂವಾ" ಎಂದರು. ಗುಡ್ಡಪ್ಪನ ತಾಯಿ ಚನ್ನವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದಳು.

ಟಂಟಂ ರಿಕ್ಷಾ ಹತ್ತಿ ತಮ್ಮೂರು ಮಮದಾಪುರಕ್ಕೆ ಬಂದರು. ಹೊಸ್ತಿಲು ದಾಟಿದ್ದೇ ಚನ್ನವ್ವ ಶುರು ಮಾಡಿದಳು.

"ನಿಮ್ಮಪ್ಪ ಸತ್ತಾಗೂ ನಾ ಇಷ್ಟ ತಲಿ ತಗ್ಗಿಸಿರಲಿಲ್ಲ, ಗುಡ್ಡ್ಯಾ."

"ಅಂವಾ ಏನಂದಾ ಅನ್ನೂದು ನಿನಗ ಕೇಳಲಿಲ್ಲೇನಬೇ?"

"ಕೇಳಿತು. ಅಂವಾ ಬಾಯಿಲೆ ಅಂದಾ, ನೀ ಕೈಲೆ ಮಾಡಿದಿ. ಮಂದಿ ನೆನಪಿಡೂದು ಕೈ."

"ಸಾಲಿ ನಾ ಶ್ಯಾಣೇತನಾ ಮಾಡಾಕ ಬಿಟ್ಟೇನು? ಯಾರ ಸಂಬಂಧ ಬಿಟ್ಟೆ? ಕೇಳ ಇವನ್ನ!"

ಗುಡ್ಡಪ್ಪ ತೋರಿಸಿದ್ದು ಅಣ್ಣ ಕಾಶಿನಾಥನನ್ನು. ಅಪ್ಪ ಸತ್ತ ವರ್ಷ ಕಾಶಿನಾಥ ಕಾಲೇಜಿನಲ್ಲಿದ್ದ, ಗುಡ್ಡಪ್ಪ ಒಂಬತ್ತನೆಯ ಇಯತ್ತೆಯಲ್ಲಿ. ಇಬ್ಬರಲ್ಲಿ ಒಬ್ಬರು ದುಡಿಯಬೇಕಿತ್ತು. ಸಣ್ಣವನನ್ನು ಗೋಕಾಕದ ಕರದಂಟು ಮಾಡುವ ಭಟ್ಟಿಗೆ ಕಳಿಸಿದರು. ದೊಡ್ಡವನು ಓದಿ ಹುಕ್ಕೇರಿಯ ಒಂದು ಪತ್ತಿನ ಸಂಘದಲ್ಲಿ ಕಾರಕೂನನಾದ. ಇಸ್ತ್ರಿ ಅಂಗಿ ತೊಟ್ಟ. ಮೆಲ್ಲಗೆ ಮಾತಾಡುವುದನ್ನು ಕಲಿತ. ಕಾಶಿನಾಥ ಒಮ್ಮೆಯೂ ದನಿ ಏರಿಸಿದ್ದನ್ನು ಮನೆಯವರು ಕಂಡಿಲ್ಲ. ಆ ಮನೆಯಲ್ಲಿ ಅವನು ಅಂದದ್ದು, ಒಂದೇ ಒಂದು ಸಲ ಬಿಟ್ಟು, ನಡೆಯದೇ ಇದ್ದದ್ದನ್ನೂ ಕಂಡಿಲ್ಲ.

ಈಗಲೂ ಅವನು ಅಂಗಿ ಬಿಚ್ಚಿ ನೀಟಾಗಿ ಮಡಚುತ್ತ, "ತಮ್ಮಾ, ಅದ ಒಂದ ಮಾತ ಎಷ್ಟ ವರ್ಷ ಹೇಳ್ತಿ?" ಎಂದ. "ಮಾವನ ಕೂಡ ಮಾತಾಡಿ ಬಂದೇನಿ. ಹುಡುಗ ತಣ್ಣಗ ಆಗಲಿ, ಆಮ್ಯಾಲ ನೋಡೂಣು ಅಂದಾನ. ಇನ್ನೊಮ್ಮಿ ಒದರಿದ್ದು ಕಿವಿಗೆ ಬಿದ್ರ ಕಾಜಲ್ ಬ್ಯಾರೆ ಮನಿಗೆ. ನಿನಗ ಬಿಟ್ಟದ್ದು."

ಅಣ್ಣನ ಕಡೆ ಚಾಚಿದ್ದ ಕೈಯನ್ನು ಗುಡ್ಡಪ್ಪ ಇಳಿಸಿದ. ಕಾಜಲ್ ಎಂಬ ಹೆಸರು ಅವನಿಗೆ ಹಾಗೆ.

ಚನ್ನವ್ವ ದೇವರ ಜಗಲಿಯಿಂದ ಭಂಡಾರದ ಬಟ್ಟಲು ತಂದಳು. "ಮುಟ್ಟು. ಸಕ್ಕರಿ ನಿನ್ನ ಬಾಯಿಗೆ ಬೀಳೂತನಕ ಧ್ವನಿ ಏರಸಂಗಿಲ್ಲ ಅಂತ ಆಣಿ ಮಾಡು." ನಿಶ್ಚಯದ ದಿನ ಹುಡುಗ ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದರೆ ಮಾತು ಮುಗಿದಂತೆ. ಅಲ್ಲಿಯವರೆಗೆ. ಗುಡ್ಡಪ್ಪ ಅರಿಶಿನದ ಪುಡಿಗೆ ಬೆರಳು ಹಚ್ಚಿ ಹಣೆಗೆ ಒತ್ತಿಕೊಂಡ. ಭಂಡಾರ ಮುಟ್ಟಿ ತಪ್ಪಿದವರು ಅವರ ವಂಶದಲ್ಲಿ ಇರಲಿಲ್ಲ.

"ಬರೇ ಆಣಿ ಮಾಡಿದ್ರ ಸಿಟ್ಟು ಎಲ್ಲಿ ಹೋಗತೈತ್ರಿ ಅತ್ತಿ?" ಎಂದಳು ಕಾಶಿನಾಥನ ಹೆಂಡತಿ ಸುಜಾತಾ, ಒಲೆಯ ಮುಂದಿನಿಂದ. "ಗೋಕಾಕದಾಗ ಗೌರಕ್ಕ ಅಂತ ಅದಾರ. ದವಾಖಾನ್ಯಾಗ ಸಿಸ್ಟರ್ ಆಗಿದ್ದವರು. ಮುಂಜಾನೆ ಪುಕಟ ಧ್ಯಾನ ಹೇಳಿಕೊಡ್ತಾರ. ನಮ್ಮ ಕಾಕಾನ ಬಿ.ಪಿ. ಇಳೀತು."

"ನನಗ ಬಿ.ಪಿ. ಇಲ್ಲ ವೈನಿ."

"ನಿಮಗಿಲ್ಲ. ನಿಮ್ಮಿಂದ ನಮಗ ಬಂದೈತಿ."

ಎಲ್ಲರಿಗಿಂತ ಮೊದಲು ನಕ್ಕವಳು ತಂಗಿ ಭಾಗ್ಯಾ. ಅವಳು ನಕ್ಕಳೆಂದು ಗುಡ್ಡಪ್ಪನೂ ನಕ್ಕ. ಭಾಗ್ಯಾ ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಳು. ಪಿಯುಸಿ ಮುಗಿದಾಗ ಸಾಕು ಅಂದಿದ್ದ ಕಾಶಿನಾಥ. ಆ ದಿನ ಗುಡ್ಡಪ್ಪ ಅಂಗಳದಲ್ಲಿ ನಿಂತು ಓಣಿಯ ನಾಯಿಗಳೆಲ್ಲ ಬೊಗಳುವಂತೆ ಒದರಾಡಿದ್ದ. "ನಾ ಬಿಟ್ಟೇನಿ, ಆಕಿ ಬಿಡಂಗಿಲ್ಲ!" ಓಣಿಯವರ ನಾಚಿಕೆಗೆ ಕಾಶಿನಾಥ ಫಾರ್ಮಿಗೆ ಸಹಿ ಹಾಕಿದ್ದ. ಸಿಟ್ಟು ಆ ಮನೆಗೆ ಕೊಟ್ಟ ಒಳ್ಳೆಯದೆಂದರೆ ಅದೊಂದೇ.

ಗೌರಕ್ಕನ ತರಗತಿ ಹಳೆಯದೊಂದು ಕಲ್ಯಾಣ ಮಂಟಪದ ಮೇಲಂತಸ್ತಿನಲ್ಲಿ ನಡೆಯುತ್ತಿತ್ತು. ಮೊಣಕಾಲು ನೋವಿನ ಮುದುಕಿಯರು, ಸಕ್ಕರೆ ಕಾಯಿಲೆಯ ವ್ಯಾಪಾರಸ್ಥರು, ನಿವೃತ್ತ ಮಾಸ್ತರರು. ಗುಡ್ಡಪ್ಪ ಮೆಟ್ಟಿಲು ಹತ್ತಿ ಬಂದಾಗ ಒಬ್ಬ ಮುದುಕಿ, "ಹಾಲ ತಂದೀಯೇನಪಾ?" ಎಂದು ಕೇಳಿದಳು.

"ಧ್ಯಾನಕ್ಕ ಬಂದೇನ್ರಿ."

"ಈ ವಯಸ್ಸಿನ್ಯಾಗ? ಏನ ಮಾಡಕೊಂಡಿ?"

ಗೌರಕ್ಕ ಅವನನ್ನು ಕಿಟಕಿಯ ಪಕ್ಕ ಕೂರಿಸಿದಳು. ಮೊದಲು ಮೈ. ಕುತ್ತಿಗೆಯನ್ನು ಮೆಲ್ಲಗೆ ಆ ಕಡೆ, ಈ ಕಡೆ. ಬಾವಿಯಿಂದ ನೀರು ಸೇದುವಂತೆ ಎರಡೂ ಕೈ ಮೇಲೆ, ಹಗ್ಗ ಬಿಡುವಂತೆ ಕೆಳಗೆ. ಅವಸರ ಮಾಡಬಾರದು. ಗುಡ್ಡಪ್ಪ ಎಲ್ಲರಿಗಿಂತ ಮೊದಲು ಮುಗಿಸಿ ಸುತ್ತ ನೋಡುತ್ತಿದ್ದ.

"ತಮ್ಮಾ, ಬಸ್ ಹಿಡಿಯೂದೈತೇನು?"

"ಇಲ್ರಿ."

"ಮತ್ತ ಆ ಮಸಡಿ ಯಾಕ ಮುಷ್ಟಿ ಕಟ್ಟಿದಂಗ ಹಿಡದಿ? ಸಡ್ಲ ಬಿಡು. ಹಲ್ಲಿಗೆ ಹಲ್ಲ ಹತ್ತಬಾರದು."

ಕೊನೆಗೆ ಸದ್ದು. ಗೌರಕ್ಕ ತನ್ನ ತವರಿನ ಕಂಚಿನ ಊಟದ ತಟ್ಟೆಯನ್ನು, ದೊಡ್ಡ ಗಂಗಾಳವನ್ನು, ಹಗ್ಗದಲ್ಲಿ ತೂಗುಹಾಕಿದ್ದಳು. ಕಟ್ಟಿಗೆಯ ತುಂಡಿಗೆ ಬಟ್ಟೆ ಸುತ್ತಿ ಅದಕ್ಕೆ ಒಮ್ಮೆ ಬಡಿಯುವಳು. "ಇದರ ಬೆನ್ನ ಹತ್ತಿ ಹೋಗ್ರಿ. ಮುಗಿಯೂತನಕ ಬಿಡಬ್ಯಾಡ್ರಿ." ಗಂಗಾಳದ ದನಿ ದೊಡ್ಡದಾಗಿ ಎದ್ದು, ಸಣ್ಣದಾಗಿ, ಇನ್ನೂ ಸಣ್ಣದಾಗಿ ಹೋಗುವುದು. ಗುಡ್ಡಪ್ಪ ಅದರ ಹಿಂದೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹೋಳಿಗೆಯ ಬುಟ್ಟಿ ಹಿಡಿದ ಸ್ವಪ್ನಿಲ್ ಅಡ್ಡ ಬಂದು ನಿಲ್ಲುತ್ತಿದ್ದ.

ಎರಡು ವಾರ ಹಾಗೇ ಆಯಿತು. ಆಮೇಲೊಂದು ಬೆಳಿಗ್ಗೆ ಸ್ವಪ್ನಿಲ್ ಬರಲಿಲ್ಲ. ದನಿ ಹೋಯಿತು, ಗುಡ್ಡಪ್ಪ ಅದರೊಂದಿಗೆ ಹೋದ; ಅದು ಎಲ್ಲಿ ಮುಗಿಯಿತೋ ಅಲ್ಲಿ ಕೆಳಗಿನ ರಸ್ತೆಯ ಹೂವಿನವಳ ಕೂಗು, ಒಂದು ಬಸ್ಸಿನ ಹಾರ್ನು, ಪಕ್ಕದ ಮುದುಕಿಯ ಉಸಿರು, ಎಲ್ಲ ತಮ್ಮ ಪಾಡಿಗೆ ತಾವಿದ್ದವು. ಯಾವುದೂ ಅವನನ್ನು ಬೈಯುತ್ತಿರಲಿಲ್ಲ. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. ಗೌರಕ್ಕ ನೋಡಿಯೂ ನೋಡದಂತೆ ಚಾಪೆ ಸುತ್ತತೊಡಗಿದಳು.

ಅಂದು ಭಟ್ಟಿಯಲ್ಲಿ ಕರದಂಟಿಗೆ ಹಾಕುವ ಅಂಟು ಕಾದ ತುಪ್ಪಕ್ಕೆ ಬಿದ್ದು ಚಟಚಟನೆ ಅರಳುವ ಸದ್ದನ್ನು ಗುಡ್ಡಪ್ಪ ಮೊದಲ ಸಲ ಕೇಳಿಸಿಕೊಂಡ. ಹತ್ತು ವರ್ಷ ಅದೇ ಕಡಾಯಿಯ ಮುಂದೆ ನಿಂತಿದ್ದ. ಮೇಸ್ತ್ರಿ ಸತ್ತೆಪ್ಪ, "ಏನೋ, ಅಂಟಿನ ಕೂಡ ಮಾತಾಡಾಕತ್ತಿ?" ಎಂದು ಚೇಷ್ಟೆ ಮಾಡಿದರೆ, "ಅದ ಮಾತಾಡಾಕತ್ತೈತಿ, ನಾ ಕೇಳಾಕತ್ತೇನಿ" ಎಂದು ನಕ್ಕ. ಇದು ಸುಳ್ಳಲ್ಲ. ಆ ಒಂದು ವಾರ ಅವನಿಗೆ ಹೊಟ್ಟೆ ತುಂಬ ಹಸಿವೆ, ಕಣ್ಣು ತುಂಬ ನಿದ್ದೆ.

ಆದರೆ ಒದರುವವನು ಒದರುವುದಿಲ್ಲವೆಂದು ಗೊತ್ತಾದ ಮನೆ ಬಹಳ ಬೇಗ ಹೊಸ ರೀತಿಗೆ ಹೊಂದಿಕೊಳ್ಳುತ್ತದೆ. ಕಾಶಿನಾಥ ಬೈಕನ್ನು ದಿನಾಲು ಹುಕ್ಕೇರಿಗೆ ಒಯ್ಯತೊಡಗಿದ. ಅದು ಗುಡ್ಡಪ್ಪನ ದುಡಿಮೆಯ ಬೈಕು. "ನೀ ಬಸ್ಸಿಗೆ ಹೋಗು ತಮ್ಮಾ, ಕಿಡಕಿ ಬಾಜೂ ಕುಂತ ಉಸರಾಟ ಮಾಡಕೋತ." ಸುಜಾತಾ ರಾತ್ರಿಯ ಪಾತ್ರೆಯನ್ನೆಲ್ಲ ಭಾಗ್ಯಾಳ ಮುಂದೆ ತಂದು ಸುರಿಯತೊಡಗಿದಳು. ಮೊದಲಾದರೆ, "ಆಕೀಗೆ ಪರೀಕ್ಷೆ ಐತಿ ವೈನಿ!" ಎಂಬ ಗುಡುಗು ಬರುತ್ತಿತ್ತು. ಈಗ ಗುಡ್ಡಪ್ಪ ತಾನೇ ಎದ್ದು ತಂಗಿಯ ಪಕ್ಕ ಕೂತು ಬೂದಿ ಹಚ್ಚಿ ತಿಕ್ಕುತ್ತಿದ್ದ.

"ನೋಡವಾ, ನಮ್ಮ ಗುಡ್ಡ್ಯಾ ಭಾಂಡೆ ತಿಕ್ಕತಾನ" ಎಂದು ಚನ್ನವ್ವ ಪಕ್ಕದ ಮನೆಯವಳಿಗೆ ಹೇಳಿ ಕಣ್ಣು ಒರೆಸಿಕೊಂಡಳು. "ದೇವರ ಕಣ್ಣ ತಗದಾ."

"ದೇವರಲ್ಲಬೇ, ವೈನಿ" ಎಂದಳು ಭಾಗ್ಯಾ.

ತಣ್ಣನೆಯ ರೊಟ್ಟಿ ಬಂದರೆ ತಣ್ಣನೆಯದನ್ನೇ ತಿಂದ. ಪಲ್ಯ ತಳ ಹತ್ತಿದ್ದರೆ ಅದನ್ನೂ ತಿಂದ. ಒಳಗೆ ಕುದಿದರೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತು ಉಸಿರು ಎಳೆದು ಬಿಟ್ಟು ಬರುತ್ತಿದ್ದ. ಬಂದ ಮೇಲೆ ಏನು ಕೇಳಬೇಕಿತ್ತೋ ಅದು ಕೇಳದೇ ಉಳಿಯುತ್ತಿತ್ತು.

ಒಂದು ರವಿವಾರ ಜುಣಕ ರೊಟ್ಟಿಯ ಊಟ. ಎಲ್ಲರೂ ಕೂತಿದ್ದಾಗ ಕಾಶಿನಾಥ ಕೈ ತೊಳೆಯುತ್ತ, ಹವಾಮಾನ ಹೇಳುವಂತೆ ಹೇಳಿದ.

"ಮುರಿಗೆಪ್ಪ ಮಾವ ಒಪ್ಯಾನ. ಗುಡ್ಡ್ಯಾಗ ಕಾಜಲ್, ಸ್ವಪ್ನಿಲಗ ನಮ್ಮ ಭಾಗ್ಯಾ. ಅಮಾಸಿ ಮುಗದ ಮ್ಯಾಲ ಸಕ್ಕರಿ. ಒಂದ ಖರ್ಚಿನ್ಯಾಗ ಎರಡ ಲಗ್ನ."

ಚನ್ನವ್ವ ಮೊದಲೇ ತಿಳಿದವಳಂತೆ ರೊಟ್ಟಿ ಮುರಿದಳು. ಹೆಣ್ಣು ಕೊಟ್ಟು ಹೆಣ್ಣು ತರುವುದು ಅವರಲ್ಲಿ ಹೊಸದಲ್ಲ. ಅವಳ ನಾದಿನಿಯೇ ಅವಳ ಕಾಕಾನ ಮಗನಿಗೆ ಹೋಗಿದ್ದಳು.

ಭಾಗ್ಯಾಳ ಕೈ ತುತ್ತಿನಲ್ಲೇ ನಿಂತಿತು. "ನಾ ಓದಾಕತ್ತೇನಿ."

"ಯಾರ ಬ್ಯಾಡಂದಾರ? ಅಲ್ಲೇ ಓದು."

"ನಾಗನೂರಿನ್ಯಾಗ ಕುಂತ ಗೋಕಾಕದ ಕಾಲೇಜ ಹೆಂಗ ಓದೂದಣ್ಣಾ? ಸೊಸಿ ಪುಸ್ತಕ ಹಿಡದ್ರ ಬಸ್ಸಿಗೆ ಕಳಸ್ತಾನೇನು ಮಾವ? ಆ ಸ್ವಪ್ನಿಲ್ ಏನ ಓದ್ಯಾನ, ಮೊಬೈಲ್ ಬಿಟ್ಟು?"

"ಧ್ವನಿ" ಎಂದ ಕಾಶಿನಾಥ, ಮೆಲ್ಲಗೆ.

"ನಾ ಭಂಡಾರ ಮುಟ್ಟಿಲ್ಲ!" ಎಂದು ಭಾಗ್ಯಾ ಗುಡ್ಡಪ್ಪನ ಕಡೆ ತಿರುಗಿದಳು. ಅಡುಗೆಮನೆಯೂ ತಿರುಗಿತು. ಸುಜಾತಾ ಸೌಟು ಹಿಡಿದು ನಿಂತಳು.

ಗುಡ್ಡಪ್ಪನ ಕುತ್ತಿಗೆಯ ನರ ಎದ್ದಿತ್ತು. ಅವನು ಹಲ್ಲು ಸಡಿಲ ಬಿಟ್ಟ. ಉಸಿರು ಎಳೆದ. "ಅಣ್ಣಾ," ಎಂದ ತಗ್ಗಿದ ದನಿಯಲ್ಲಿ, "ಆಕಿ ಡಿಗ್ರಿ ಮುಗಸಲಿ. ಆಮ್ಯಾಲ ನೋಡೂಣು."

"ಖರೆ ತಮ್ಮಾ. ಆದ್ರ ಮಾವ ಆಮ್ಯಾಲಕ್ಕ ಒಪ್ಪಂಗಿಲ್ಲ. ಎರಡೂ ಕೂಡೇ ಆಗಬೇಕು, ಇಲ್ಲಂದ್ರ ಎರಡೂ ಇಲ್ಲ. ಕಾಜಲ್‌ಗೆ ಹುಕ್ಕೇರಿ ಕಡಿಂದ ಒಂದ ಸೋಯರಿಕಿ ಬಂದೈತಿ. ನಿನಗ ಬ್ಯಾಡಾಗಿದ್ರ ಹೇಳು, ಈಗ ಫೋನ್ ಹಚ್ತೇನಿ."

ಕಾಶಿನಾಥ ಮೊಬೈಲು ಕೈಗೆ ತೆಗೆದುಕೊಂಡು ಕಾದ. ಅದೇ ತಗ್ಗಿದ ದನಿ ಅಣ್ಣನ ಬಾಯಲ್ಲಿ ಆಜ್ಞೆ. ತಮ್ಮನ ಬಾಯಲ್ಲಿ ಬೇಡಿಕೆ. ಗುಡ್ಡಪ್ಪ ತಾಟಿನ ಅಂಚನ್ನು ಹಿಡಿದ, ಬಿಟ್ಟ, ಎದ್ದು ಬೇವಿನ ಗಿಡದ ಕೆಳಗೆ ಹೋದ.

ಭಾಗ್ಯಾ ಹಿಂದೆಯೇ ಬಂದಳು.

"ಒಮ್ಮಿ ಒದರಣ್ಣಾ. ಮದಲಿನಂಗ, ಒಂದ ಸಲ. ಓಣಿ ಮಂದಿ ಕೂಡಿದ್ರ ದೊಡ್ಡಣ್ಣ ಅಂಜತಾನ."

"ಆಣಿ ಮಾಡೇನಲ್ಲವಾ."

"ಆಣಿ ಸಕ್ಕರಿತನಕ. ಸಕ್ಕರಿ ನಿನ್ನ ಬಾಯಿಗೆ ಬಿದ್ದ ಗಳಿಗಿಗೆ ಮುಗೀತು. ಗಂಡಿಗೆ ಮದಲ ಹಾಕ್ತಾರ, ನನಗ ಆಮ್ಯಾಲ. ನಡಕ ಅಷ್ಟ ಹೊತ್ತ ಸಿಗತೈತಿ ನಿನಗ. ಅಷ್ಟು ಸಾಕು."

ಅವಳು ಲೆಕ್ಕ ಹಾಕಿಟ್ಟಿದ್ದಳು. ಗುಡ್ಡಪ್ಪ ಬೇವಿನ ಬುಡಕ್ಕೆ ಒರಗಿದ. "ಹಂಗ ಮಾಡಿದ್ರ ಕಾಜಲ್..."

"ಹೂಂ. ಕಾಜಲ್ ಹೋಗ್ತಾಳ." ಭಾಗ್ಯಾ ಸುಳ್ಳು ಹೇಳಲಿಲ್ಲ. "ನಾನರ ಎಲ್ಲಿ ಹೊಂಟೇನಿ, ನೋಡು."

ಸಂಜೆ ಕಾಜಲ್ ಫೋನು ಮಾಡಿದಳು. "ಮಾವಾ, ನಿನ್ನ ಬಗ್ಗೆ ಅಪ್ಪ ಎಷ್ಟ ಚೊಲೋ ಮಾತಾಡಾಕತ್ತಾನ ಗೊತ್ತೈತೇನು? ಇನ್ನ ನಾಕ ದಿನ, ಸುಮ್ಕ ಇರು. ಹುಕ್ಕೇರಿಯಾಂವಗ ತಲ್ಯಾಗ ಕೂದಲಿಲ್ಲ."

"ಭಾಗ್ಯಾಗ ಮನಸಿಲ್ಲ ಕಾಜಲ್."

"ನನ್ನ ಮನಸ ಯಾರ ಕೇಳ್ಯಾರ? ಹೆಂಗೋ ಅದು ನೀ ಆದಿ, ಅಷ್ಟ. ಕೆಡಸಬ್ಯಾಡ."

ಮರುದಿನ ತರಗತಿ ಮುಗಿದ ಮೇಲೆ ಗುಡ್ಡಪ್ಪ ಗೌರಕ್ಕನ ಚಾಪೆಗಳನ್ನು ಸುತ್ತಿ ಕೊಡುತ್ತ ಎಲ್ಲ ಹೇಳಿದ. ಅವಳು ಗಂಗಾಳ ಒರೆಸುವುದನ್ನು ನಿಲ್ಲಿಸಿದಳು.

"ನಾ ಉಸರಾಟ ಕಲಿಸೇನಿ ತಮ್ಮಾ. ಬಾಯಿ ಹೊಲಕೊ ಅಂದಿಲ್ಲ."

"ಬಾಯಿ ತಗದ್ರ ಸಿಟ್ಟ ಬರತೈತ್ರಿ. ಸಿಟ್ಟ ಬಂದ್ರ ಎಲ್ಲಾ ಹೋಗತೈತ್ರಿ."

"ಸಿಟ್ಟಿಲ್ದ 'ಇಲ್ಲ' ಅನ್ನಾಕ ಬರತೈತೋ ಇಲ್ಲೋ ನಿನಗ?"

ಗುಡ್ಡಪ್ಪ ನಿಜವಾಗಿ ಯೋಚಿಸಿದ. ಹುಟ್ಟಿದಾಗಿನಿಂದ ಅವನು 'ಇಲ್ಲ' ಅಂದದ್ದೆಲ್ಲ ಒದರಿಯೇ. ಮೆಲ್ಲಗೆ ಅಂದ 'ಇಲ್ಲ'ವನ್ನು ಯಾರೂ 'ಇಲ್ಲ' ಎಂದು ತೆಗೆದುಕೊಂಡಿರಲಿಲ್ಲ. "ಗೊತ್ತಿಲ್ರಿ ಅಕ್ಕಾರ" ಎಂದು ಚಪ್ಪಲಿ ಮೆಟ್ಟಿದ.

ಸಕ್ಕರೆಯ ದಿನ ನಾಗನೂರಿನಿಂದ ಎರಡು ಗಾಡಿ ಮಂದಿ ಬಂದರು. ಅಂಗಳಕ್ಕೆ ಶಾಮಿಯಾನ. ಮಾದಲಿ, ಬದನೆಕಾಯಿ ಎಣ್ಣೆಗಾಯಿ, ಗುಡ್ಡಪ್ಪ ತಾನೇ ಭಟ್ಟಿಯಲ್ಲಿ ಹಾಕಿ ತಂದ ಕರದಂಟು. ವಾಸ್ತುಶಾಂತಿಯ ಸಾಲಿನಲ್ಲಿ ನಕ್ಕಿದ್ದ ಅವೇ ಮುಖಗಳು ಜಮಖಾನೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದವು. ಸ್ವಪ್ನಿಲ್ ಬಿಳಿ ಅಂಗಿ ತೊಟ್ಟು, "ಏನ ಸ್ವಾಮೇರ, ಧ್ಯಾನ ಹೆಂಗ ನಡದೈತಿ?" ಎಂದ. ಗುಡ್ಡಪ್ಪ ಅವನಿಗೆ ಚಹಾದ ಕಪ್ಪು ಕೊಟ್ಟ. ಕಪ್ಪು ಅಲುಗಲಿಲ್ಲ.

"ನೋಡ್ರಿ, ನೋಡ್ರಿ!" ಎಂದು ಮುರಿಗೆಪ್ಪ ತೊಡೆ ತಟ್ಟಿದ. "ಇದ ಹುಡುಗ ನನ್ನ ಗ್ವಾಡಿಗೆ ಸಾರ ಚೆಲ್ಲಿದ್ದು ಅಂದ್ರ ನಂಬ್ತೀರೇನು? ಅಕ್ಕಾ, ಚೊಲೋ ತಿದ್ದಿದಿ ಬಿಡವಾ."

ಹಿರಿಯರು ಮಾತು ಕಟ್ಟಿದರು. ಗುಡ್ಡಪ್ಪನೂ ಕಾಜಲ್‌ಳೂ ಮಣೆಯ ಮೇಲೆ ಕೂತರು. ಕಾಜಲ್ ತಲೆ ತಗ್ಗಿಸಿಯೇ ಕಿರುಬೆರಳಿನಿಂದ ಅವನ ಅಂಗೈ ಮುಟ್ಟಿದಳು. ಮುರಿಗೆಪ್ಪ ಚಿಟಿಕೆ ತುಂಬ ಸಕ್ಕರೆ ತೆಗೆದು ಅಳಿಯನ ಬಾಯಿಗೆ ಹಾಕಿದ. ಹೆಂಗಸರು ಸೋಬಾನದ ದನಿ ಎತ್ತಿದರು.

ಸಕ್ಕರೆ ನಾಲಿಗೆಯ ಮೇಲೆ ಕರಗಿತು. ಆಣೆ ಮುಗಿಯಿತು.

ಪಕ್ಕದ ಮಣೆಯ ಮೇಲೆ ಸ್ವಪ್ನಿಲನ ಜೊತೆ ಭಾಗ್ಯಾ. ಚನ್ನವ್ವ ಸಕ್ಕರೆಯ ಕೈ ಮುಂದೆ ಚಾಚಿದಳು. ಭಾಗ್ಯಾ ಬಾಯಿ ತೆರೆಯಲಿಲ್ಲ.

"ತಗೀಬೇ ಬಾಯಿ. ಮಂದಿ ನೋಡಾಕತ್ತಾರ."

"ಗುಡ್ಡಣ್ಣಾ," ಎಂದಳು ಭಾಗ್ಯಾ. ಸೋಬಾನ ನಿಂತಿತು. "ನೀ ಹೇಳು. ನೀ ತಿನ್ನು ಅಂದ್ರ ತಿಂತೇನಿ. ಬ್ಯಾಡಂದ್ರ ಏಳ್ತೇನಿ."

ಅಡಿಕೆ ಕತ್ತರಿಯ ಸದ್ದೂ ನಿಂತಿತು. ಎಲ್ಲರ ಕಣ್ಣು ಗುಡ್ಡಪ್ಪನ ಮೇಲೆ. ಕಾಶಿನಾಥ ಕಂಬಕ್ಕೆ ಒರಗಿದ್ದವನು ನೆಟ್ಟಗಾದ. ಕಾಜಲ್‌ಳ ಕಿರುಬೆರಳು ಅಂಗೈಯಿಂದ ಸರಿಯಿತು.

ಗುಡ್ಡಪ್ಪ ಒದರಲೆಂದೇ ಎದ್ದ. ಎದೆಯಲ್ಲಿ ಎಂದಿನ ಜಾಗದಲ್ಲಿ ಕೈ ಹಾಕಿದಂತೆ ಸಿಟ್ಟನ್ನು ಹುಡುಕಿದ. ಅಲ್ಲಿ ಬರೀ ಉಸಿರು ಇತ್ತು. ಮೆಲ್ಲಗೆ ಒಳಗೆ, ಮೆಲ್ಲಗೆ ಹೊರಗೆ. ಹಲ್ಲಿಗೆ ಹಲ್ಲು ತಾಗಿರಲಿಲ್ಲ. ದವಡೆ ಸಡಿಲವಾಗಿತ್ತು, ಮುಷ್ಟಿ ಬಿಚ್ಚಿತ್ತು. ಮೈಯೆಲ್ಲ ಕಲಿತದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಬಾಯಿ ತೆರೆದ. ಸಿಹಿ ಜೊಲ್ಲಿನ ಹೊರತು ಅದರಲ್ಲಿ ಏನೂ ಇರಲಿಲ್ಲ.

"ಹೇಳಣ್ಣಾ."

ಅವನು ಮಣೆಯಿಂದ ಇಳಿದ. ಜಮಖಾನೆಯ ಅಂಚಿಗೆ ಬಂದು, ರಾಶಿ ಬಿದ್ದ ಚಪ್ಪಲಿಗಳಲ್ಲಿ ತನ್ನದನ್ನು ಕಾಲಿನಿಂದ ಹುಡುಕಿದ.

"ಹುಡುಗಗ ನಾಚಿಕಿ ಆತ್ರಿ," ಎಂದ ಕಾಶಿನಾಥನ ಮೆಲುದನಿ ಹಿಂದಿನಿಂದ ಬಂತು. "ಬ್ಯಾಡ ಅನ್ನಲಿಲ್ಲಲ್ಲ. ಅವ್ವಾ, ಹಾಕ ನೀ ಸಕ್ಕರಿ."

"ಗುಡ್ಡಣ್ಣಾ!"

ಗುಡ್ಡಪ್ಪ ಶಾಮಿಯಾನದ ಹಗ್ಗ ದಾಟಿ, ನಿಂತ ಗಾಡಿಗಳ ನಡುವೆ ಹಾದು, ಗೋಕಾಕದ ರಸ್ತೆಗೆ ಇಳಿದು ನಡೆದ.